ಹಾಡು ಕೇಳಿದ ಮರುದಿನ

ಹಾಡಿನ ಮೇಳವೊಂದು ರಾತ್ರಿ ಹತ್ತು ಗಂಟೆಗೆ ಮುಗಿದರೆ, ಅದರ ಮಾತು ಮರುದಿನ ಬೆಳಿಗ್ಗೆ ಆರಂಭವಾಗುತ್ತದೆ. ರೈಲಿನ ಡಬ್ಬಿಯಲ್ಲಿ, ಚಹದ ಅಂಗಡಿಯ ಮುಂದೆ, ಶಾಲೆಯ ಅಂಗಳದಲ್ಲಿ, ಕೇಳಿ ಬಂದವರು ಕೇಳದವರಿಗೆ ಹೇಳುತ್ತಾರೆ. ಕೇಳಿದವರಿಬ್ಬರು ಕೂಡಿದರೆ ಒಬ್ಬರ ನೆನಪಿಗೆ ಇನ್ನೊಬ್ಬರು ತಮ್ಮ ನೆನಪನ್ನು ಸೇರಿಸುತ್ತಾರೆ. ಈ ಮರುದಿನದ ಮಾತಿನ ವಿಷಯವಾಗಿ ನಮ್ಮ ವಿದ್ಯಾರ್ಥಿ ಮಿತ್ರರೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬೇಕೆಂಬುದು ನಮ್ಮ ಬಹುದಿನಗಳ ಅಪೇಕ್ಷೆ. ಪಾಠದ ವಿಷಯವಲ್ಲವೆಂದು ಯಾರೂ ಇದನ್ನು ಬದಿಗಿಡಬಾರದು. ಕೇಳಿದ್ದನ್ನು ಕೇಳಿದಂತೆ ಹೇಳಬಲ್ಲವನು ಓದಿದ್ದನ್ನೂ ಓದಿದಂತೆ ಹೇಳಬಲ್ಲನು.

ನಮ್ಮೆಲ್ಲರಿಗೂ ತಿಳಿದಿರುವ ಒಂದು ನಿದರ್ಶನವನ್ನೇ ತೆಗೆದುಕೊಳ್ಳೋಣ. 2025ರ ಜನವರಿ 18, 19 ಮತ್ತು 21ರ ಸಂಜೆಗಳಲ್ಲಿ ನವಿ ಮುಂಬಯಿಯ ನೆರೂಳಿನಲ್ಲಿರುವ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ಎಂಬ ರಾಕ್ ತಂಡದವರು ಹಾಡಿದರು. ಲಂಡನ್ನಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಕೂಡಿಕೊಂಡ ನಾಲ್ವರು ಗೆಳೆಯರ ತಂಡವಿದು. 2016ರ ನವೆಂಬರಿನಲ್ಲಿ ಒಮ್ಮೆ ಮುಂಬಯಿಗೆ ಬಂದು ಹಾಡಿ ಹೋಗಿದ್ದ ಅವರು ಎಂಟು ವರ್ಷಗಳ ತರುವಾಯ ಮತ್ತೆ ಬರುವರೆಂಬ ಸುದ್ದಿ ಹಬ್ಬಿದಾಗ ನಗರಕ್ಕೆ ನಗರವೇ ಎದ್ದು ಕುಳಿತಿತು. 2024ರ ಸೆಪ್ಟೆಂಬರ್ 22ರಂದು ಟಿಕೆಟುಗಳ ಮಾರಾಟ ಆರಂಭವಾದ ದಿನ, ಅದಕ್ಕಾಗಿ ಕಾದು ನಿಂತವರ ಸಂಖ್ಯೆ ಕೋಟಿಯನ್ನು ಮೀರಿತೆಂದು ಪತ್ರಿಕೆಗಳು ವರದಿ ಮಾಡಿದವು. ಎರಡು ದಿನಗಳೆಂದು ಗೊತ್ತಾಗಿದ್ದ ಕಾರ್ಯಕ್ರಮಕ್ಕೆ ಮೂರನೆಯ ದಿನವನ್ನು ಸೇರಿಸಬೇಕಾಯಿತು. ಟಿಕೆಟಿನ ಬೆಲೆ 2,500 ರೂಪಾಯಿಗಳಿಂದ ಮೊದಲಾಗಿ 35,000 ರೂಪಾಯಿಗಳವರೆಗೆ ಇದ್ದಿತು.

19ನೆಯ ತಾರೀಖು ಭಾನುವಾರ. ಮರುದಿನ ಸೋಮವಾರ ಬೆಳಿಗ್ಗೆ ನಮ್ಮ ಶಾಲೆಯ ಅಂಗಳದಲ್ಲಿ ಪ್ರಾರ್ಥನೆಯ ಗಂಟೆ ಬಾರಿಸುವ ಮುನ್ನ ಇದೇ ಮಾತು. ನಮ್ಮ ಮಕ್ಕಳಲ್ಲಿ ಕ್ರೀಡಾಂಗಣದ ಒಳಗೆ ಹೋಗಿ ಕುಳಿತವರು ಬೆರಳೆಣಿಕೆಗೂ ಕಡಿಮೆ. ಆದರೆ ಮಾತನಾಡುವವರಿಗೆ ಮಾತ್ರ ಕೊರತೆಯಿರಲಿಲ್ಲ. ಅಧ್ಯಾಪಕರ ಕೊಠಡಿಯ ಕಿಟಕಿಗೆ ಅದೆಲ್ಲವೂ ಕೇಳಿಸುತ್ತಿದ್ದುದರಿಂದ ನಾವೂ ಸ್ವಲ್ಪ ಹೊತ್ತು ಕಿವಿಗೊಟ್ಟೆವು. ಆ ಮಾತುಗಳಲ್ಲಿ ಬಹುಪಾಲು ಮೂರು ಬಗೆಯವೆಂದು ನಮಗೆ ತೋರಿತು.

ಮೊದಲನೆಯದು ಟಿಕೆಟಿನ ಮಾತು. ಯಾರ ಸೋದರಮಾವ ಎಷ್ಟು ಕೊಟ್ಟು ಕೊಂಡನು, ಯಾರು ಯಾವ ಸಾಲಿನಲ್ಲಿ ಕುಳಿತರು, ಯಾರು ಎಷ್ಟು ಪಟ್ಟು ಬೆಲೆಗೆ ಮರುಮಾರಾಟ ಮಾಡಿದರು ಎಂಬ ಲೆಕ್ಕಾಚಾರ. ಎರಡನೆಯದು ಮೊಬೈಲಿನ ಮಾತು. ಬಾಯಿ ತೆರೆಯುವ ಬದಲು ಪರದೆಯನ್ನು ಮುಂದೆ ಹಿಡಿದು 'ನೋಡು' ಎನ್ನುವುದು. ನೋಡಿದವನು 'ಸೂಪರ್' ಎನ್ನುವುದು. ಅಲ್ಲಿಗೆ ಸಂಭಾಷಣೆ ಸಮಾಪ್ತ. ಮೂರನೆಯದು ಗಾಳಿಸುದ್ದಿ. ಕ್ರಿಕೆಟ್ ಆಟಗಾರ ಜಸ್‌ಪ್ರೀತ್ ಬುಮ್ರಾ ಅವರು ವೇದಿಕೆಯ ಹಿಂದೆ ಬಂದು ನಿಂತಿದ್ದರೆಂದು ಒಬ್ಬ ಹುಡುಗ ಆಣೆಯಿಟ್ಟು ಹೇಳುತ್ತಿದ್ದನು. ನಡೆದ ಸಂಗತಿ ಬೇರೆ. 18ರ ರಾತ್ರಿ ತಂಡದ ಮುಖ್ಯ ಗಾಯಕ ಕ್ರಿಸ್ ಮಾರ್ಟಿನ್ ಅವರು, ಬುಮ್ರಾ ವೇದಿಕೆಯ ಹಿಂದೆ ಕಾಯುತ್ತಿದ್ದಾರೆಂದು ವಿನೋದಕ್ಕಾಗಿ ಹೇಳಿದ್ದರು. ಬುಮ್ರಾ ಅವರು ನಿಜವಾಗಿ ಪ್ರೇಕ್ಷಕರ ನಡುವೆ ಕಾಣಿಸಿಕೊಂಡುದು ಜನವರಿ 26ರಂದು, ಅಹಮದಾಬಾದಿನಲ್ಲಿ. ವಿನೋದದ ಮಾತೊಂದು ಒಂದೆರಡು ದಿನಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿಯಾಗಿ ಬೆಳೆದುದನ್ನು ನೋಡಿ ನಮಗೆ ನಗು ಬಂದಿತು. ಅದರೊಡನೆ ಸ್ವಲ್ಪ ಚಿಂತೆಯೂ ಆಯಿತು.

ಈ ಮೂರು ಬಗೆಯ ಮಾತುಗಳಲ್ಲಿಯೂ ಹಾಡು ಎಲ್ಲಿಯೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಟಿಕೆಟಿನ ಮಾತಿನಲ್ಲಿರುವುದು ಹಣ, ಮೊಬೈಲಿನ ಮಾತಿನಲ್ಲಿರುವುದು ಚಿತ್ರ, ಗಾಳಿಸುದ್ದಿಯಲ್ಲಿರುವುದು ಬುಮ್ರಾ. ನಿಮಗೆ ಏನು ಕೇಳಿಸಿತು, ಕೇಳಿಸಿದಾಗ ಏನಾಯಿತು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ನಮ್ಮ ಹಿರಿಯರಿಗೆ ಈ ಉತ್ತರವನ್ನು ಹೇಳುವ ಅಭ್ಯಾಸವಿದ್ದಿತು. ಕರಾವಳಿಯ ಊರುಗಳಿಂದ ಬಂದ ತಂದೆತಾಯಿಗಳನ್ನು ಕೇಳಿ ನೋಡಿರಿ. ರಾತ್ರಿಯಿಡೀ ಯಕ್ಷಗಾನದ ಬಯಲಾಟ ನೋಡಿ ನಿದ್ದೆಗಣ್ಣಿನಲ್ಲಿ ಮನೆಗೆ ನಡೆಯುವ ಜನ ದಾರಿಯುದ್ದಕ್ಕೂ ಆಡುತ್ತಿದ್ದ ಮಾತು ಯಾವುದು? ಭಾಗವತರು ಯಾವ ಪದ್ಯವನ್ನು ಎಳೆದು ಹಾಡಿದರು, ಚೆಂಡೆ ಎಲ್ಲಿ ಏರಿತು, ಕೌರವನ ವೇಷಧಾರಿ ಯಾವ ಮಾತಿಗೆ ಯಾವ ಮಾತನ್ನು ಕೊಟ್ಟನು, ಕೃಷ್ಣನ ವೇಷಧಾರಿ ಎಲ್ಲಿ ತಡವರಿಸಿದನು ಎಂಬುದೇ ಅವರ ಚರ್ಚೆ. ಅಕ್ಷರ ಕಲಿಯದ ರೈತನೂ ಮರುದಿನ ಗದ್ದೆಯ ಬದುವಿನಲ್ಲಿ ನಿಂತು ಅರ್ಥಗಾರಿಕೆಯ ಗುಣದೋಷಗಳನ್ನು ಎತ್ತಿ ಆಡುತ್ತಿದ್ದನು. ಆಟ ನೋಡಲಾಗದೆ ಮನೆಯಲ್ಲಿ ಉಳಿದ ಅಜ್ಜಿಗೂ ಆ ಮಾತಿನಿಂದ ಅರ್ಧ ಆಟ ದಕ್ಕುತ್ತಿತ್ತು. ಕಲಾವಿದನನ್ನು ಬೆಳೆಸಿದುದು ಅವನ ಗುರು ಮಾತ್ರವೆಂದು ನಾವು ತಿಳಿಯಬಾರದು. ಮರುದಿನ ಅವನ ಬಗ್ಗೆ ಸರಿಯಾಗಿ ಮಾತನಾಡಿದ ಊರಿನ ಜನರೂ ಅವನನ್ನು ಬೆಳೆಸಿದರು.

ಕೇಳುಗರು ಕೇಳುವುದನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ರಾಕ್ ಸಂಗೀತದ ಚರಿತ್ರೆಯಲ್ಲಿಯೇ ಒಂದು ಪ್ರಸಿದ್ಧ ದೃಷ್ಟಾಂತವುಂಟು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ಎಂಬ ಆಂಗ್ಲ ತಂಡದವರು ಸುಮಾರು 55,000 ಜನರ ಮುಂದೆ ಹಾಡಿದರು. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ರಾಕ್ ಕಚೇರಿ ನಡೆಸುವ ಪದ್ಧತಿಗೆ ಅದೇ ನಾಂದಿಯಾಯಿತು. ಆದರೆ ಅಭಿಮಾನಿಗಳ ಚೀರಾಟ ಎಷ್ಟಿತ್ತೆಂದರೆ, ಹಾಡುವವರಿಗೆ ತಮ್ಮ ವಾದ್ಯಗಳ ಸದ್ದೇ ಕೇಳಿಸಲಿಲ್ಲ. ಕೇಳಬಂದವರಿಗೆ ಹಾಡೂ ಸರಿಯಾಗಿ ಕೇಳಿಸಲಿಲ್ಲ. ಒಂದು ವರ್ಷ ಕಳೆಯಿತು. 1966ರ ಆಗಸ್ಟ್ 29ರಂದು ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹಾಡಿದ ಬಳಿಕ ಆ ತಂಡದವರು ಊರೂರು ಸುತ್ತಿ ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಕೇಳಿಸದ ಹಾಡನ್ನು ಹಾಡುವ ಬೇಸರವು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಪ್ರೀತಿ ಹೆಚ್ಚಾಗಿ ಕಿವಿ ಮುಚ್ಚಿದರೆ ಪ್ರೀತಿಸಿದ ವಸ್ತುವೇ ಕೈತಪ್ಪುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಚೀರಾಟದ ಸ್ಥಾನವನ್ನು ಮೊಬೈಲು ಹಿಡಿದುಕೊಂಡಿದೆ. ಕೋಲ್ಡ್‌ಪ್ಲೇ ತಂಡದವರು ತಮ್ಮ ಈ ಸಂಚಾರದಲ್ಲಿ ಒಂದು ಹಾಡನ್ನು ನಡುವೆಯೇ ನಿಲ್ಲಿಸಿ, ಈ ಒಂದು ಹಾಡಿನ ಮಟ್ಟಿಗಾದರೂ ಮೊಬೈಲುಗಳನ್ನು ಕಿಸೆಯಲ್ಲಿಡಿರೆಂದು ಕೇಳಿಕೊಂಡು, ಅನಂತರ ಹಾಡನ್ನು ಮೊದಲಿನಿಂದ ಹಾಡುವ ವಾಡಿಕೆಯನ್ನು ಇಟ್ಟುಕೊಂಡಿದ್ದರು. ಹಾಡುವವರೇ ಬೇಡಿಕೊಳ್ಳುವ ಕಾಲ ಬಂದಿತೆಂದರೆ ಕೇಳುವವರು ಸ್ವಲ್ಪ ಯೋಚಿಸಬೇಕಷ್ಟೆ.

ಆ ಸೋಮವಾರದ ಮಾತೆಲ್ಲವೂ ಪೊಳ್ಳೆಂದು ನಾವು ಹೇಳುತ್ತಿಲ್ಲ. ಅಂದು ಮೂವರು ಮಕ್ಕಳು ಆಡಿದ ಮಾತುಗಳು ಇಂದಿಗೂ ನಮ್ಮ ನೆನಪಿನಲ್ಲಿವೆ. ಈ ಲೇಖನಕ್ಕೆ ಪ್ರೇರಣೆಯೂ ಅವೇ.

ಕ್ರೀಡಾಂಗಣದ ಒಳಗೆ ಕುಳಿತು ಬಂದ ಹುಡುಗನೊಬ್ಬನು ಹೀಗೆಂದನು: "ಡ್ರಮ್ಮಿನ ಕೋಲು ಬಿದ್ದುದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು." ಜೊತೆಯವರು ನಕ್ಕರು. ಆದರೆ ಅವನು ಕಂಡುದು ಸತ್ಯ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುತ್ತದೆ. ಬೆಳಕಾದರೋ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮುಟ್ಟುತ್ತದೆ. ವೇದಿಕೆಯಿಂದ 170 ಮೀಟರು ದೂರದಲ್ಲಿ ಕುಳಿತವನಿಗೆ ಸದ್ದು ಅರ್ಧ ಸೆಕೆಂಡು ತಡವಾಗಿ ತಲುಪುವುದು ಸಹಜ. ದೊಡ್ಡ ಮೈದಾನಗಳಲ್ಲಿ ದೂರದ ಜನರಿಗಾಗಿ ನಡುನಡುವೆ ನಿಲ್ಲಿಸುವ ಧ್ವನಿವರ್ಧಕಗಳನ್ನೂ ಬೇಕೆಂದೇ ಅಷ್ಟು ತಡವಾಗಿ ನುಡಿಯುವಂತೆ ಹೊಂದಿಸುತ್ತಾರೆ. ಇಲ್ಲವಾದರೆ ಒಂದೇ ಸದ್ದು ಎರಡು ಬಾರಿ ಕೇಳಿ ಗೊಂದಲವಾಗುತ್ತದೆ. ಆ ಹುಡುಗನು ಪುಸ್ತಕದ ಒಂದು ಪಾಠವನ್ನು ತನ್ನ ಕಣ್ಣುಕಿವಿಗಳಿಂದಲೇ ಕಂಡುಕೊಂಡು ಬಂದಿದ್ದನು. ಪ್ರೇಕ್ಷಕರ ಮಣಿಕಟ್ಟುಗಳಿಗೆ ಕಟ್ಟಿದ್ದ ದೀಪದ ಪಟ್ಟಿಗಳು ದೂರದಿಂದ ಬರುವ ಸಂಕೇತಕ್ಕೆ ಒಮ್ಮೆಗೇ ಬಣ್ಣ ಬದಲಿಸಿದಾಗ, ತನ್ನ ಕೈ ತನ್ನದಲ್ಲವೆಂಬಂತೆ ಅನ್ನಿಸಿತೆಂದೂ ಅವನು ಹೇಳಿದನು. ಹೊರಗೆ ಬರುವಾಗ ಆ ಪಟ್ಟಿಗಳನ್ನು ಹಿಂದಿರುಗಿಸಬೇಕಾಗಿತ್ತು; ಅವನ ಬಳಿ ತೋರಿಸಲು ಏನೂ ಉಳಿದಿರಲಿಲ್ಲ, ಈ ಮಾತಿನ ಹೊರತು.

ಎರಡನೆಯವಳು ನೆರೂಳಿನ ಕಡೆಯಿಂದ ರೈಲಿನಲ್ಲಿ ಬರುವ ಹುಡುಗಿ. ಆಕೆಗೆ ಟಿಕೆಟಿರಲಿಲ್ಲ, ತಮ್ಮ ಕಟ್ಟಡದ ಮಾಳಿಗೆಯ ಮೇಲೆ ನಿಂತು ಕೇಳಿದವಳು. "ಹಾಡು ಕೇಳಿಸಲಿಲ್ಲ; ನೆಲದಿಂದ ಬರುವಂತೆ ದಂ ದಂ ಎಂಬ ಸದ್ದು ಮಾತ್ರ ಬರುತ್ತಿತ್ತು. ನಡುವೆ ಒಮ್ಮೆ ಜನರೆಲ್ಲ ಒಟ್ಟಿಗೆ ಹಾಡಿದ್ದು ಕೇಳಿಸಿತು. ಸಮುದ್ರದ ಹಾಗಿತ್ತು" ಎಂದಳು. ತಗ್ಗು ಸ್ವರಗಳ ಅಲೆಗಳು ಬಹಳ ಉದ್ದವಾದವು, ಐದಾರು ಮೀಟರುಗಳಿಗಿಂತಲೂ ಹೆಚ್ಚು. ಅವು ಕಟ್ಟಡಗಳನ್ನು ಬಳಸಿಕೊಂಡು ದೂರ ಹೋಗಬಲ್ಲವು. ಗಿಟಾರಿನ ಹೆಚ್ಚಿನ ಸ್ವರಗಳ ಅಲೆಗಳು ಗಿಡ್ಡ. ಗೋಡೆಗಳು ಅವನ್ನು ತಡೆದುಬಿಡುತ್ತವೆ. ಆಕೆ ಈ ಕಾರಣವನ್ನು ಅರಿಯದಿದ್ದರೂ ಪರಿಣಾಮವನ್ನು ಚ್ಯುತಿಯಿಲ್ಲದೆ ಹೇಳಿದಳು. ಒಳಗೆ ಕುಳಿತವರಾರಿಗೂ ಆ ಸಮುದ್ರ ಕೇಳಿಸಿರಲಾರದು, ಏಕೆಂದರೆ ಅವರೇ ಆ ಸಮುದ್ರವಾಗಿದ್ದರು.

ಮೂರನೆಯವನ ಅಣ್ಣನು ಆ ಭಾಗದ ಉಪಾಹಾರಗೃಹವೊಂದರಲ್ಲಿ ಕೆಲಸ ಮಾಡುವವನು. ರಾತ್ರಿ ಹತ್ತೂವರೆಯ ಮೇಲೆ ಒಳನುಗ್ಗಿದ ಜನಕ್ಕೆ ಇಡ್ಲಿ ದೋಸೆ ಕಾಫಿ ಕೊಟ್ಟು ಕೊಟ್ಟು ಅವನ ಕೈ ಸೋತಿತಂತೆ. "ಬಂದವರಿಗೆ ಮಾತೇ ಹೊರಡುತ್ತಿರಲಿಲ್ಲವಂತೆ, ಗಂಟಲು ಕಟ್ಟಿತ್ತಂತೆ, ಬೆರಳಿನಲ್ಲಿ ಎರಡು, ಮೂರು ಎಂದು ತೋರಿಸಿ ತಿಂಡಿ ಕೇಳಿದರಂತೆ. ಆದರೂ ಎಲ್ಲರ ಮುಖವೂ ಮದುವೆಮನೆಯಿಂದ ಬಂದವರ ಹಾಗಿತ್ತಂತೆ" ಎಂದು ಆ ಹುಡುಗ ಹೇಳಿದನು. ಪ್ರತಿಯೊಂದು ಮಾತಿಗೂ 'ಅಂತೆ' ಎಂದು ಸೇರಿಸಿದ ಅವನ ಪ್ರಾಮಾಣಿಕತೆಗೆ ನಾವು ಮನಸ್ಸಿನಲ್ಲಿಯೇ ಪೂರ್ಣ ಅಂಕಗಳನ್ನು ಕೊಟ್ಟೆವು. ಬುಮ್ರಾನನ್ನು ಕಂಡೆನೆಂದು ಆಣೆಯಿಟ್ಟವನಿಗೂ ಇವನಿಗೂ ಇರುವ ಅಂತರ ಈ ಎರಡಕ್ಷರದ ಮಾತಿನಲ್ಲಿದೆ. ಕಂಡುದಕ್ಕೂ ಕೇಳಿಬಂದುದಕ್ಕೂ ನಡುವೆ ಗೆರೆ ಎಳೆಯುವ ಇಂತಹ ಸಾಧನವನ್ನು ಕನ್ನಡವು ತನ್ನ ಮಕ್ಕಳ ನಾಲಗೆಯ ತುದಿಯಲ್ಲಿಯೇ ಇಟ್ಟಿದೆ. ಅದನ್ನು ಬಳಸದಿರುವುದು ನಷ್ಟ.

ಈ ಮೂವರಲ್ಲಿ ಇಬ್ಬರು ಒಳಗೆ ಹೋಗಿರಲಿಲ್ಲವೆಂಬುದನ್ನು ಲಕ್ಷ್ಯದಲ್ಲಿಡಿರಿ. ನಮ್ಮ ಶಾಲೆಯ ಮಕ್ಕಳ ಮನೆಗಳ ಪರಿಸ್ಥಿತಿ ನಮಗೆ ತಿಳಿಯದುದಲ್ಲ. ಉಪಾಹಾರಗೃಹಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ದುಡಿಯುವ ತಂದೆತಾಯಿಗಳಿಗೆ ಅತಿ ಕಡಿಮೆಯ ಟಿಕೆಟಿನ 2,500 ರೂಪಾಯಿಯೂ ಮನೆಯ ಹಲವು ದಿನಗಳ ಅನ್ನ. ಅಂತಹ ಮನೆಯಿಂದ ಬಂದ ಮಗುವು ಗೆಳೆಯರ ಗುಂಪಿನಲ್ಲಿ ಸಣ್ಣದಾಗಬಾರದೆಂದು 'ನಾನೂ ಹೋಗಿದ್ದೆ' ಎಂದು ಸುಳ್ಳಾಡಿದರೆ ನಾವು ಅದನ್ನು ಗದರಿಸಲಾರೆವು. ಆದರೆ ಅಂತಹ ಸುಳ್ಳಿನ ಅಗತ್ಯವೇ ಇಲ್ಲವೆಂದು ತಿಳಿಹೇಳುವುದು ನಮ್ಮ ಕರ್ತವ್ಯ. ಟಿಕೆಟು ಕುರ್ಚಿಯನ್ನು ಕೊಡುತ್ತದೆ, ಕಿವಿಯನ್ನು ಕೊಡುವುದಿಲ್ಲ. ಜನವರಿ 26ರ ಅಹಮದಾಬಾದಿನ ಕಾರ್ಯಕ್ರಮವು ಅಂತರ್ಜಾಲದ ಮೂಲಕ ನೇರವಾಗಿ ಪ್ರಸಾರವಾದಾಗ ಒಂದು ಚಾಳಿನ ಒಂದೇ ಮೊಬೈಲಿನ ಸುತ್ತ ಐದಾರು ಮಕ್ಕಳು ಕುಳಿತು ಕೇಳಿದರೆಂದು ನಾವು ಬಲ್ಲೆವು. ಅವರೂ ಕೇಳುಗರೇ, ಮರುದಿನದ ಮಾತಿನಲ್ಲಿ ಅವರಿಗೂ ಸಮಪಾಲುಂಟು. ಟಿಕೆಟಿದ್ದವನು ಇಲ್ಲದವನ ಬಾಯಿ ಮುಚ್ಚಿಸುವ ಅಂಗಳವು ಶಾಲೆಯ ಅಂಗಳವಾಗಲಾರದು.

ಇನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬ ಪ್ರಶ್ನೆ. ಅಂದು ಆ ಮೂವರು ಕನ್ನಡದಲ್ಲಿ ಮಾತನಾಡಿದರು; ಉಳಿದ ಅನೇಕರು ಹಾಡಿನ ಮಾತು ಬಂದೊಡನೆ ಹಿಂದಿಗೋ ತುಂಡು ಇಂಗ್ಲಿಷಿಗೋ ಹಾರಿದರು. ಕನ್ನಡವು ಪರೀಕ್ಷೆಯ ಉತ್ತರಕ್ಕೂ ಅಜ್ಜಿಯ ಫೋನಿಗೂ ಸರಿ, ರಾಕ್ ಸಂಗೀತಕ್ಕೆ ಸಾಲದೆಂಬ ಭಾವನೆ ಅವರ ಮನಸ್ಸಿನಲ್ಲಿ ಬೇರೂರಿರುವಂತಿದೆ. ನಮ್ಮ ದೃಷ್ಟಿಯಲ್ಲಿ ಇದೇ ಗಂಭೀರವಾದ ವಿಷಯ. ಇಂತಹ ನಗರದಲ್ಲಿ ಕನ್ನಡ ಶಾಲೆಗಳ ತರಗತಿಗಳು ಬರಿದಾಗುತ್ತಿರುವುದನ್ನು ನಾವು ವರ್ಷದಿಂದ ವರ್ಷಕ್ಕೆ ಕಾಣುತ್ತಿರುವೆವು. ಶಾಲೆಯನ್ನು ಉಳಿಸಲು ಕಟ್ಟಡ ಬೇಕು, ಧನ ಬೇಕು, ನಿಜ. ಆದರೆ ಮಕ್ಕಳು ತಮಗೆ ಅತ್ಯಂತ ಸಂತೋಷ ಕೊಟ್ಟುದನ್ನು ಹೇಳಿಕೊಳ್ಳಲು ಬಳಸದ ಭಾಷೆಯನ್ನು ಕಟ್ಟಡವಾಗಲಿ ಧನವಾಗಲಿ ಬಹುಕಾಲ ಕಾಯಲಾರವು. ಮನಸ್ಸು ಕುಣಿಯುವಾಗ ಬಾಯಿಗೆ ಬರುವ ಭಾಷೆಯೇ ಬದುಕುವ ಭಾಷೆ.

ಶಬ್ದಗಳ ಕೊರತೆಯೆಂಬ ನೆಪ ಬೇಡ. ಗಿಟಾರು, ಡ್ರಮ್ಮು ಎಂಬ ಮಾತುಗಳನ್ನು ಹಾಗೆಯೇ ಆಡಿರಿ. ಅದರಿಂದ ಕನ್ನಡಕ್ಕೆ ಮೈಲಿಗೆಯಾಗದು. ಯೂರೋಪಿನಿಂದ ಬಂದ ವಾದ್ಯವೊಂದನ್ನು ನಮ್ಮವರು ಪಿಟೀಲೆಂದು ಕರೆದು ತಮ್ಮದಾಗಿಸಿಕೊಂಡರು; ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿ ನಾಡಿಗೇ ಹೆಸರು ತಂದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ, 2004ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ನಮ್ಮ ಕಾಲದಲ್ಲಿಯೇ ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರು ಡ್ರಮ್ಮುಗಳೊಡನೆ ವಿದೇಶದ ವೇದಿಕೆಗಳಲ್ಲಿಯೂ ಹಾಡಿದ್ದಾರೆ. ವಾದ್ಯ ಹೊರಗಿನಿಂದ ಬಂದರೂ ಕೇಳುವ ಕಿವಿಯೂ ಹೇಳುವ ನಾಲಗೆಯೂ ನಮ್ಮವಾಗಿರಬಹುದು. ಕ್ರಿಸ್ ಮಾರ್ಟಿನ್ ಅವರೇ ಮುಂಬಯಿಯ ವೇದಿಕೆಯಲ್ಲಿ ಹಿಂದಿ ಮರಾಠಿಗಳಲ್ಲಿ ತೊದಲುತ್ತ ಕೆಲವು ಮಾತುಗಳನ್ನಾಡಿದರು. ಯಾರೂ ಅದನ್ನು ಅವರ ಕುಂದೆಂದು ಎಣಿಸಲಿಲ್ಲ. ಅತಿಥಿಯು ನಮ್ಮ ನಗರದ ನುಡಿಗಳನ್ನು ಕಲಿಯಲು ಯತ್ನಿಸುವಾಗ ನಾವು ಮನೆಯ ನುಡಿಯನ್ನು ಮುಚ್ಚಿಡುವುದು ಸರಿಯೇ?

ಹಿರಿಯರಿಗೂ ಒಂದು ವಿನಂತಿ. 'ಇದೇನು ಸಂಗೀತ, ಬರೀ ಗದ್ದಲ' ಎಂದು ಕೇಳದೆಯೇ ತೀರ್ಪು ಕೊಡುವವರು ನಮ್ಮಲ್ಲಿ ಅನೇಕರಿದ್ದಾರೆ. 'ಸೂಪರ್' ಎಂಬ ಮಾತು ಎಷ್ಟು ಟೊಳ್ಳೋ 'ಗದ್ದಲ' ಎಂಬ ಮಾತೂ ಅಷ್ಟೇ ಟೊಳ್ಳು; ಎರಡರಲ್ಲಿಯೂ ಕೇಳಿದ ಗುರುತಿಲ್ಲ. ಮಗನೋ ಮಗಳೋ ಹಾಡಿನ ವಿಷಯವನ್ನೆತ್ತಿದಾಗ 'ಏನು ಕೇಳಿದೆ, ಹೇಳು' ಎಂದು ಕೇಳಿದರೆ ಮನೆಯಲ್ಲಿ ಒಂದು ಒಳ್ಳೆಯ ಸಂಭಾಷಣೆ ಹುಟ್ಟುತ್ತದೆ. ಹಿರಿಯರು ಎಚ್ಚರಿಸಬೇಕಾದ ಸಂಗತಿಯೂ ಒಂದಿದೆ. 'ಕಿವಿ ಇನ್ನೂ ಗುಂಯ್ ಎನ್ನುತ್ತಿದೆ' ಎಂಬುದನ್ನು ಪದಕದಂತೆ ಹೇಳಿಕೊಳ್ಳುವ ಮಕ್ಕಳಿದ್ದಾರೆ. ಅದು ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ದಣಿದುದರ ಲಕ್ಷಣ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಂತಹ ಸ್ಥಳಗಳಲ್ಲಿ ಸದ್ದು ಸರಾಸರಿ 100 ಡೆಸಿಬೆಲ್ಲುಗಳನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಲಹೆ ಮಾಡಿದೆ. ಧ್ವನಿವರ್ಧಕಗಳ ಸಮೀಪ ನಿಲ್ಲದಿರುವುದು, ನಡುನಡುವೆ ಹೊರಗೆ ಬಂದು ಕಿವಿಗೆ ವಿಶ್ರಾಂತಿ ಕೊಡುವುದು, ಕಿವಿಗೆ ಬಿರಟೆ ಇಟ್ಟುಕೊಳ್ಳುವುದು ಹೇಡಿತನವಲ್ಲ. ನಾಳೆಯ ಹಾಡನ್ನು ಕೇಳಬೇಕೆಂಬ ಆಸೆಯಿದ್ದವನು ಇಂದಿನ ಕಿವಿಯನ್ನು ಕಾಪಾಡಿಕೊಳ್ಳಬೇಕು.

ಕೊನೆಯದಾಗಿ ಒಂದು ಸೂಚನೆ. ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಸುಭಾಷಿತಕ್ಕೂ ಸುದ್ದಿಗೂ ಸ್ಥಳವಿದೆ. ಅದರ ಒಂದು ಮೂಲೆಯನ್ನು 'ನಿನ್ನೆ ಕೇಳಿದ್ದು' ಎಂಬ ಹೆಸರಿನಲ್ಲಿ ಬಿಟ್ಟುಕೊಡೋಣ. ಕ್ರೀಡಾಂಗಣದ ರಾಕ್ ಕಚೇರಿಯಾಗಲಿ, ಗಣೇಶೋತ್ಸವದ ಢೋಲು ತಾಷೆಯಾಗಲಿ, ಕನ್ನಡ ಸಂಘದ ಯಕ್ಷಗಾನವಾಗಲಿ, ಲೋಕಲ್ ರೈಲಿನ ಭಜನೆಯಾಗಲಿ, ಕೇಳಿದವರು ಐದು ವಾಕ್ಯಗಳನ್ನು ಕನ್ನಡದಲ್ಲಿ ಬರೆದು ಅಂಟಿಸಲಿ. ನಿಯಮಗಳು ಮೂರೇ: ಟಿಕೆಟಿನ ಬೆಲೆ ಬರೆಯಬಾರದು, 'ಸೂಪರ್' ಎಂಬ ಮಾತನ್ನು ಬಳಸಬಾರದು, ತಾನೇ ಕೇಳದುದಕ್ಕೆ 'ಅಂತೆ' ಎಂದು ಸೇರಿಸಬೇಕು. ಮೊದಲನೆಯ ವಾರದ ಬರಹವನ್ನು ಅಧ್ಯಾಪಕರಾದ ನಾವೇ ಬರೆದು ಅಂಟಿಸುವೆವು. ಎರಡನೆಯ ವಾರದಿಂದ ಆ ಮೂಲೆ ನಿಮ್ಮದು.